ಮಾಮಾ ಅನ್ಬೇಡ

“ಮೇಡಂ, ಮಕ್ಕಳನ್ನ ಒಳಗೆ ಬಿಡಲ್ಲ. ಇಲ್ಲಿನ ರೂಲ್ಸು.”

ಎಲೆಕ್ಟ್ರಾನಿಕ್ ಸಿಟಿಯ ಆ ಪುಸ್ತಕ ಕಂಪನಿಯ ಗಾಜಿನ ಬಾಗಿಲಲ್ಲಿ ನಿಂತು ಹೀಗೆ ಹೇಳಿದವನು ಸಂಗಮೇಶ್. ಮಕ್ಕಳ ಪುಸ್ತಕಗಳ ಚಿತ್ರ ವಿಭಾಗಕ್ಕೆ ಅವನೇ ಮುಖ್ಯಸ್ಥ.

ಎದುರಿಗೆ ದಾನೇಶ್ವರಿ. ಹೆಗಲಲ್ಲಿ ಚಿತ್ರಗಳ ಚೀಲ, ಪಕ್ಕದಲ್ಲಿ ಬೇಸಿಗೆ ರಜೆಯಲ್ಲಿದ್ದ ಏಳು ವರ್ಷದ ಮಗಳು ಕಾವ್ಯಾ. ಗದಗಿನಿಂದ ರೈಲಿನಲ್ಲಿ ಬಂದು, ಬೇಗೂರಿನ ಚಿಕ್ಕಮ್ಮನ ಮನೆಯಲ್ಲಿ ಮುಖ ತೊಳೆದು, ನೇರ ಇಲ್ಲಿಗೇ ಬಂದಿದ್ದಳು. ಒಂದು ಪುಸ್ತಕಕ್ಕೆ ಚಿತ್ರ ಬರೆಯಲು ಒಂದು ತಿಂಗಳ ಅವಕಾಶ. ಮೆಚ್ಚಿಗೆಯಾದರೆ ಇಡೀ ಸರಣಿ ಅವಳದೇ. ಇಲ್ಲವಾದರೆ ಮತ್ತೆ ಅಣ್ಣನ ಮನೆಯ ಮೂಲೆ, ಮತ್ತೆ ಓಣಿಯವರ ಬಾಯಲ್ಲಿ ‘ಗಂಡನ್ನ ಬಿಟ್ಟು ಬಂದಾಕಿ’!

 ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು.

“ನನ್ನ ಮಗಳು ಹೊರಗ ಕುಂದ್ರೂದಾದ್ರ, ನನ್ನ ಚಿತ್ರಾನೂ ಹೊರಗ ಕುಂದರ್ತಾವ್ರಿ. ಬೇಕಾದ್ರ ನೀವ ಹೊರಗ ಬಂದು ನೋಡ್ರಿ!”

ಕೆಲಸ ಕೇಳಲು ಕೈಮುಗಿದು ಬಂದವರನ್ನು ಸಂಗಮೇಶ್ ಬೇಕಾದಷ್ಟು ನೋಡಿದ್ದ. ಕತ್ತು ಎತ್ತಿ ಬಂದವಳು ಇವಳೊಬ್ಬಳೇ. ಅವನಿಗೆ ನಗು ತಡೆಯಲಾಗಲಿಲ್ಲ.

“ಹಾಗಾದ್ರೆ ರೂಲ್ಸೇ ಸ್ವಲ್ಪ ಹೊರಗೆ ಕೂತ್ಕೊಳ್ಳಲಿ. ಬನ್ನಿ.”

“ಥ್ಯಾಂಕ್ಸ್ ಮಾಮಾ!” ಎನ್ನುತ್ತ ಕಾವ್ಯಾ ಅವನ ತೋಳಿನಡಿಯಿಂದ ನುಸುಳಿ ಒಳಗೋಡಿದಳು.

ಆ ಮಾತು ದಾನೇಶ್ವರಿಯೇ ಕಲಿಸಿದ್ದು. ಆಟೋದವನು ಮಾಮಾ, ಅಂಗಡಿಯವನು ಮಾಮಾ, ಗೇಟು ಕಾಯುವವನೂ ಮಾಮಾ. ಮಗಳಿಗೆ ಮಾಮನಾದವನು ತಾಯಿಗೆ ಅಣ್ಣನೋ ತಮ್ಮನೋ ಆಗಲೇಬೇಕಲ್ಲ! ಒಂಟಿ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ಬೇಲಿ ಯಾವುದಿದೆ ಹೇಳಿ? ಜಗಳವಿಲ್ಲ, ಮಾತಿಲ್ಲ, ಮುಳ್ಳೂ ಕಾಣಿಸುವುದಿಲ್ಲ.

ಕೆಲಸ ಶುರುವಾಯಿತು. ದಾನೇಶ್ವರಿಗೆ ಬರೀ ಕಲ್ಪಿಸಿಕೊಂಡು ಬರೆದು ಗೊತ್ತಿಲ್ಲ. ಕಣ್ಣೆದುರು ಒಂದು ಜೀವ ಇರಬೇಕು. ಕಾವ್ಯಾ ಕುರ್ಚಿ ಹತ್ತಿ ಜಿಗಿದರೆ ಪುಸ್ತಕದ ಹುಡುಗಿಯೂ ಜಿಗಿಯುತ್ತಿದ್ದಳು. ಕಾವ್ಯಾ ಮುನಿಸಿಕೊಂಡರೆ ಆ ಪುಟವೂ ಮುನಿಸಿಕೊಳ್ಳುತ್ತಿತ್ತು. ಇನ್ನೂ ಮದುವೆಯಾಗದ ಸಂಗಮೇಶನ ತಾಯಿ ದಾವಣಗೆರೆ ಕಡೆಯವರು. ‘ಹೀರೋಯಿನ್‌ಗೆ ಸಂಬಳ’ ಎಂದು ಅವನು ಮನೆಯಿಂದ ಪಡ್ಡು ತರುತ್ತಿದ್ದ. ಚಿತ್ರಗಳ ಬಗ್ಗೆ ಮಾತಾಡಲು ಬಂದವನು ಚಿತ್ರ ಬಿಟ್ಟು ಬೇರೆಲ್ಲ ಮಾತಾಡಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಯಾವ ಸೀರೆ ಉಡಲಿ ಎಂದು ಕನ್ನಡಿಯೆದುರು ನಿಂತ ದಾನೇಶ್ವರಿ ತನ್ನನ್ನೇ ಬೈದುಕೊಂಡಳು. ‘ಸುಮ್ಮನಿರು ಮನಸ... ಕೆಲಸಕ್ಕ ಬಂದೀದಿ, ಕೆಲಸ ನೋಡು!’

ಅದಾಗಿ ಸ್ವಲ್ಪ ದಿನಕ್ಕೆ, ಊಟದ ಹೊತ್ತಲ್ಲಿ, ಎಲ್ಲರೂ ಕೂತಿದ್ದಾಗ ಕಾವ್ಯಾ ಕೂಗಿದಳು. “ಮಾಮಾ, ಇನ್ನೊಂದು ಪಡ್ಡು!”

ಸಂಗಮೇಶನ ಮುಖ ಬಾಡಿತು. “ಕಾವ್ಯಾ... ನನ್ನನ್ನ ಮಾಮಾ ಅನ್ಬೇಡ ಪುಟ್ಟಾ.”

“ಮತ್ತೇನನ್ಲಿ?”

ಇಡೀ ಮೇಜು ಅವನನ್ನೇ ನೋಡುತ್ತಿತ್ತು. ಅವನು ತಡಬಡಾಯಿಸಿದ. “ಸರ್... ಸರ್ ಅನ್ನು.”

ದಾನೇಶ್ವರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ‘ಇಷ್ಟನಾ? ನಾಲ್ಕು ಮಂದಿ ಮುಂದ ನನ್ನ ಮಗಳು ಸಂಬಂಧ ಹಚ್ಚಿ ಕರದ್ರ ಮರ್ಯಾದಿ ಹೋಗ್ತದ ಇವರಿಗೆ!’ ಬೇಲಿ ಹಾಕಿದವಳಿಗೇ ಬೇಲಿ ಕಾಣಲಿಲ್ಲ ನೋಡಿ! ನೋವು ಅವಳ ಕಣ್ಣು ಮುಚ್ಚಿಸಿತ್ತು.

ಮರುದಿನದಿಂದ ಅವಳ ಬಾಯಲ್ಲಿ ಒಂದೇ ಮಾತು. “ಸರ್, ಚಿತ್ರ ಕಳಿಸೇನ್ರಿ.” ಅವನು ಮಾತಾಡಿಸಲು ಬಂದರೆ ಕುಂಚ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಕುಂಚಗಳು ಅಷ್ಟು ಶುಭ್ರವಾಗಿ ಯಾವತ್ತೂ ಇದ್ದಿರಲಿಲ್ಲ.

ತಿಂಗಳು ಮುಗಿಯಿತು. ಅಪರೂಪಕ್ಕೆ ಬರುವ ಮಾಲೀಕ ನರೇಶ್ ಅವಳನ್ನು ಕರೆಸಿದ. ಸಂಗಮೇಶ್ ಪೀಣ್ಯದ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿದ್ದ.

“ನಿಮ್ಮ ಹುಡುಗಿ ಪಾತ್ರ ಸೂಪರ್ ಮೇಡಂ! ಸರಣಿ ನಿಮ್ದೇ. ಆದ್ರೆ ಮಗಳನ್ನ ಊರಲ್ಲಿ ಬಿಟ್ಟು ಬನ್ನಿ. ಆಫೀಸಲ್ಲಿ ಮಗು ಇರೋದು ನಮ್ಮವರಿಗೆ ಇಷ್ಟ ಇಲ್ಲ.”

ನಮ್ಮವರು ಅಂದರೆ ಯಾರು? ಅವಳು ಕೇಳಲೇ ಇಲ್ಲ. ಕೇಳುವುದೇನಿದೆ, ಆ ‘ಸರ್’ ಅಲ್ಲದೆ ಇನ್ಯಾರು!

“ಹಂಗಾದ್ರ ಸರಣಿ ನಿಮ್ಮ ಹತ್ರಾನ ಇರ್ಲಿ.”

ಚೀಲ ಎತ್ತಿಕೊಂಡು, ಮಗಳ ಕೈ ಹಿಡಿದು ಹೊರಟೇಬಿಟ್ಟಳು.

ಗೇಟಿನಲ್ಲಿ ಸಂಗಮೇಶ್ ಆಗಷ್ಟೇ ಕಾರಿಳಿಯುತ್ತಿದ್ದ. “ಎಲ್ಲಿಗೆ ಹೊರಟ್ರಿ?”

“ನಿಮಗ ಬ್ಯಾಡಾದ ಮಗಳನ್ನ ಕರಕೊಂಡು ಊರಿಗೆ!”

“ಏನ್ ಹೇಳ್ತಿದ್ದೀರಿ? ಯಾರಿಗೆ ಬೇಡ?”

“ಮಾಲೀಕರ ಹತ್ರ ನೀವ ಹೇಳಿಲ್ಲೇನು? ಆಕಿ ಬಾಯಾಗ ಮಾಮಾ ಅನಿಸ್ಕೊಳ್ಳಾಕೂ ನಾಚಿಕಿ ಬಂತಲ್ರಿ ನಿಮಗ!” ಅವಳ ಕಣ್ಣು ತುಂಬಿತ್ತು. ಆದರೂ ತಲೆ ಬಾಗಲಿಲ್ಲ.

“ನಾನು ಏನೂ ಹೇಳಿಲ್ಲ, ದಾನೇಶ್ವರಿ! ಬೆಳಿಗ್ಗೆಯಿಂದ ಪೀಣ್ಯದಲ್ಲಿದ್ದೀನಿ!” ಅವನೂ ದನಿ ಏರಿಸಿದ. “ಮಾಮಾ ಅನ್ಬೇಡ ಅಂದೆ, ನಿಜ. ಕಾವ್ಯಾಗೆ ನಾನು ಮಾಮ ಆದ್ರೆ ನಿಮಗೆ ಏನಾಗ್ತೀನಿ? ಹೇಳಿ!”

ಅವಳು ಬಾಯಿ ತೆರೆದಳು. “ಅ...”

ಮುಂದಿನ ಅಕ್ಷರ ಹೊರಡಲಿಲ್ಲ.

“ಅಣ್ಣ! ಅದೇ ಕಣ್ರೀ ನನಗೆ ಬೇಡ ಅನ್ನಿಸಿದ್ದು!” ಅವನ ದನಿ ಈಗ ತಗ್ಗಿತು. “ಎಲ್ಲರ ಮುಂದೆ ಅದನ್ನ ಹೇಗೆ ಹೇಳ್ಲಿ? ಸರ್ ಅಂತ ಏನೋ ಒದರಿಬಿಟ್ಟೆ. ನೀವಂದ್ರೆ ನನಗಿಷ್ಟ... ತುಂಬಾ ಇಷ್ಟ.”

ದಾನೇಶ್ವರಿಯ ಮುಖಕ್ಕೆ ರಕ್ತ ನುಗ್ಗಿತು. ಇಷ್ಟು ದಿನ ತಡೆದಿಟ್ಟಿದ್ದೆಲ್ಲ ಒಂದೇ ಸಲ ಉಕ್ಕಿ ಬಂತು. ಅದನ್ನು ನುಂಗಿಕೊಂಡು ಅವಳು ಸೆರಗು ಸಿಕ್ಕಿಸಿದಳು.

“ಮೊದಲ ನನ್ನ ಕೆಲಸ. ಆಮ್ಯಾಲ ನಿಮ್ಮ ಮಾತು.”

“ನರೇಶ್ ಹತ್ರ ನಾನು ಮಾತಾಡ್ಲಾ?”

“ಬ್ಯಾಡ. ನಾನ ಮಾತಾಡ್ತೇನಿ!”

ಮಗಳ ಜೊತೆ ಮತ್ತೆ ಮೇಲೆ ಹೋದಳು. ಮುಖಪುಟದ ಚಿತ್ರವನ್ನು ನರೇಶನ ಮೇಜಿನ ಮೇಲೆ ಹರಡಿದಳು. “ಕಾವ್ಯಾ, ಹಂಗ ನಿಂದ್ರು.”

ಕಾವ್ಯಾ ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನಿಂತಳು. ನರೇಶ್ ಚಿತ್ರ ನೋಡಿದ, ಮಗುವನ್ನು ನೋಡಿದ, ಮತ್ತೆ ಚಿತ್ರ ನೋಡಿದ.

“ನಿಮ್ಮ ಸೂಪರ್ ಹುಡುಗಿ ಇಕಿನ ರೀ! ಇಕಿನ್ನ ಊರಿಗೆ ಕಳಿಸಿದ್ರ ಪುಸ್ತಕದ ಹುಡುಗೀನೂ ಹೋಗ್ತಾಳ. ಮಗಳನ್ನ ಬಿಟ್ಟು ಬಂದ ತಾಯಿ ಕೈಯಿಂದ ಮಕ್ಕಳ ಪುಸ್ತಕ ಮಾಡಸ್ತೀರೇನು?”

ನರೇಶ್ ತಲೆ ಕೆರೆದುಕೊಂಡ. ಅವನೇನು ಧರ್ಮಾತ್ಮನಲ್ಲ; ಆದರೆ ಪುಸ್ತಕ ಮಾರುವವನಿಗೆ ಲಾಭದ ಲೆಕ್ಕ ಬರುತ್ತಿತ್ತು.

“ಆಯ್ತು ಮೇಡಂ, ಮಗಳೂ ಇರ್ಲಿ. ಹತ್ತಿರದಲ್ಲೇ ಸ್ಕೂಲ್ ನೋಡ್ಕೊಳ್ಳಿ. ಸ್ಕೂಲ್ ಬಿಟ್ಮೇಲೆ ಇಲ್ಲಿಗೇ ಬರ್ಲಿ.”

ಮೆಟ್ಟಿಲಿಳಿದು ಬಂದಾಗ ಸಂಗಮೇಶ್ ಅಲ್ಲೇ ನಿಂತಿದ್ದ. ಅವಳ ಮುಖ ನೋಡಿದ್ದೇ ಅವನಿಗೆ ಎಲ್ಲ ಗೊತ್ತಾಯಿತು. ಕಾವ್ಯಾ ಎಳನೀರಿನ ಗಾಡಿಯತ್ತ ಓಡಿದಳು.

“ಈಗ... ನನ್ನ ಮಾತು?” ಎಂದು ಅವನು ಮೆಲ್ಲಗೆ ಕೇಳಿದ.

“ಊರಿಗೆ ಹೋಗಿ ಕಾವ್ಯಾನ ಟಿ.ಸಿ. ತರಬೇಕು. ನೀವೂ ಬರ್ತೀರೇನ್ರಿ?”

“ಬರ್ತೀನಿ... ಆದ್ರೆ ಯಾರಿವ್ರು ಅಂತ ನಿಮ್ಮನ್ನ ಕೇಳ್ತಾರಲ್ಲ?”

“ಕೇಳ್ತಾರ. ಇಡೀ ಓಣಿನ ಕೇಳ್ತದ.” ಈ ಸಲ ಅವಳ ಕಣ್ಣು ಅವನ ಕಣ್ಣಿನಿಂದ ಕದಲಲಿಲ್ಲ. “ನನಗ ಬೇಕಾದವ್ರು ಅಂತ ಹೇಳ್ತೇನಿ.”

“ಎಲ್ಲರಿಗೂ ಕೇಳೋ ಹಾಗೆ?”

“ಕೇಳಿಸಲಿಲ್ಲಂದ್ರ ಇನ್ನೊಮ್ಮೆ ಹೇಳ್ತೇನ್ರಿ!”