ತಾಮ್ರದ ಕಂಬಿ

ಚಟ್!

"ಅಮ್ಮಾ!" ಎಂದು ಅವಳು ಕೈ ಹಿಂದಕ್ಕೆಳೆದುಕೊಂಡಳು.

ಪ್ಲಾಸ್ಟಿಕ್ ಕವರ್ ಫ್ಯಾಕ್ಟರಿಯಲ್ಲಿ ಅವಳಿಗದು ಮೊದಲ ದಿನ. ಕತ್ತರಿ ಕೊಡಲು ಬಂದ ಮೆಕ್ಯಾನಿಕ್‌ನ ಬೆರಳು ತಗುಲಿ ಕಿಡಿ ಹಾರಿತ್ತು.

"ಕ್ಷಮಿಸಿ... ಹಾಳೆ ಉಜ್ಜಿ ಉಜ್ಜಿ ಮೈಯಲ್ಲಿ ಕರೆಂಟ್ ತುಂಬ್ಕೊಳ್ಳುತ್ತೆ," ಎಂದ ಅವನು, ತಲೆ ತಗ್ಗಿಸಿ.

ಅಂದಿನಿಂದ ಅವಳ ಮೇಜಿಗೆ ಬರುವ ಮುಂಚೆ ಅವನು ಗೋಡೆಯ ತಾಮ್ರದ ಕಂಬಿ ಮುಟ್ಟತೊಡಗಿದ. ಮುಟ್ಟಿದರೆ ಮೈಯಲ್ಲಿದ್ದ ಕರೆಂಟೆಲ್ಲ ನೆಲಕ್ಕಿಳಿಯುತ್ತದೆ. ಬೇರೆಯವರ ಬಳಿ ಹೋಗುವಾಗ ಮಾತ್ರ ಅವನಿಗೆ ಆ ಕಂಬಿಯ ನೆನಪೇ ಇರುತ್ತಿರಲಿಲ್ಲ!

ಅವಳಾಗಲೇ ಅವನಿಗೆ ಮನಸೋತಿದ್ದಳು. ಹಾಗಾಗಿ ಅದನ್ನು ಕಂಡಾಗಲೆಲ್ಲ ಅವಳಿಗೆ ಒಂದೇ ಕೊರಗು. 'ನನ್ನ ಬೆರಳಿನ ಒಂದು ಕಿಡಿಯೂ ಬೇಡವೇ ಇವರಿಗೆ?'

"ಹೆಂಡ್ತಿ ತೀರಿಹೋದ್ಮೇಲೆ ಅವರು ಯಾರ ಜೊತೆಗೂ ಬೆರೆಯಲ್ಲ. ಆದ್ರೂ ಬೂದಿ ಮುಚ್ಚಿದ ಕೆಂಡ ಕಣೆ," ಎಂದು ಪಕ್ಕದ ಮೇಜಿನ ಅಕ್ಕ ಕೆಣಕಿದಳು.

"ಬರೀ ಬೂದಿ, ಅಕ್ಕ!"

ಮನೆಯಲ್ಲಿ ಅಣ್ಣ ಒಂದು ಸಂಬಂಧ ತಂದಿದ್ದ. ಇಂದು ಸಂಜೆ ಅವಳು ಹೂಂ ಅನ್ನಬೇಕು, ಇಲ್ಲವೇ ಉಹೂಂ.

ಕೆಲಸ ಮುಗಿಯುವ ಹೊತ್ತಿಗೆ ಅವನು ಬ್ಲೇಡ್ ಬದಲಿಸಲು ಬಂದ. ಮತ್ತೆ ಕಂಬಿ ಮುಟ್ಟಿದ. ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಕಂಡ್ರೆ ಅಷ್ಟು ಅಸಹ್ಯನಾ? ಇವತ್ತು ಮನೇಲಿ ಮದುವೆಗೆ ಉತ್ತರ ಕೊಡ್ಬೇಕು... ನಿಮ್ಮೊಳಗೆ ನನ್ನ ಬಗ್ಗೆ ಏನೂ ಇಲ್ವಾ? ಹೇಳಿಬಿಡಿ!"

ಅವನ ಮುಖ ಬಾಡಿತು.

"ಅಸಹ್ಯನಾ! ಅವತ್ತು ನೀವು 'ಅಮ್ಮಾ' ಅಂದ್ರಲ್ಲ... ಇನ್ನೊಂದ್ಸಲ ನನ್ನಿಂದ ನಿಮಗೆ ನೋವಾಗ್ಬಾರ್ದು ಅಂತ ಮುಟ್ತಿದ್ದೆ."



ಅವನು ಅಂಗಿಯಿಂದ ಒಂದೆಳೆ ನೂಲು ಕಿತ್ತು ಮೇಜಿನ ಮೇಲಿಟ್ಟ. ಪ್ಲಾಸ್ಟಿಕ್ ಹಾಳೆಯನ್ನು ತೋಳಿಗೆ ಉಜ್ಜಿ ಹತ್ತಿರ ತಂದ. ನೂಲು ಎದ್ದು ಹಾಳೆಗೆ ಅಂಟಿಕೊಂಡಿತು.

"ಹಾಳೇಲಿ ಚಾರ್ಜ್ ಇದೆ, ನೂಲಲ್ಲಿಲ್ಲ. ಆದ್ರೂ ಹೋಯ್ತು ನೋಡಿ. ನೂಲಲ್ಲಿ ಪ್ಲಸ್ಸು, ಮೈನಸ್ಸು ಎರಡೂ ಸಮಸಮ ಇರುತ್ತೆ, ಅದಕ್ಕೇ ಏನೂ ಇಲ್ಲ ಅನ್ಸುತ್ತೆ. ಹಾಳೆ ಹತ್ತಿರ ಬಂದ್ರೆ ಒಳಗಿರೋದು ಒಂಚೂರು ಸರಿಯುತ್ತೆ. ಅಷ್ಟು ಸಾಕು..."

ಅವನು ಹಾಳೆ ಕೆಳಗಿಟ್ಟ.

"ಅವಳು ಹೋದ್ಮೇಲೆ ನನ್ನೊಳಗೆ ಏನೂ ಉಳಿದಿಲ್ಲ ಅಂದ್ಕೊಂಡಿದ್ದೆ. ಆಮೇಲೆ ನೀವು ಬಂದ್ರಿ."

ಅವಳು ಅತ್ತೇಬಿಟ್ಟಳು. ಎಷ್ಟು ದಿನ ತಪ್ಪು ತಿಳಿದು ಕೊರಗಿದ್ದಳು!

"ಅಣ್ಣನಿಗೆ ಏನ್ ಹೇಳ್ಲಿ?"

"ಉಹೂಂ ಅನ್ನಿ. ನಾಳೆ ನಾನೇ ಬಂದು ಕೇಳ್ತೀನಿ."

ಅವಳ ಕಣ್ಣೊರೆಸಲು ಅವನು ಕೈ ಚಾಚಿದ. ಹಾಳೆ ಉಜ್ಜಿದ ಕೈ! ನೆನಪಾಗಿ ಕಂಬಿಯತ್ತ ತಿರುಗಿದ.

"ಬೇಡ," ಎಂದು ಅವಳೇ ಅವನ ಕೈ ಹಿಡಿದಳು.

ಚಟ್!

"ನೋವಾಯ್ತಾ?"

"ಆಯ್ತು... ಕೈ ಬಿಡ್ಬೇಡಿ."