ನಾಲ್ಕು ನಿಮಿಷದ ಗಾಳಿ

ಜನವರಿ 21, ಬುಧವಾರ, ಬೆಳಗ್ಗೆ 11.40. ಠಾಣೆಗೆ ಬಂದ ಬಿಂದುಶ್ರೀ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮವ್ವ ಬೆಟ್ಟಮ್ಮ ಆಸ್ಪತ್ರೇಲವ್ಳೆ. ಬೆಳಗ್ಗೆ ಆನೆಗೆ ಹೆದ್ರಿ ಓಡಿ ಬಿದ್ದು ಕಾಲು ಎರಡು ಕಡೆ ಮುರ್ದೈತೆ. ಆನೆ ಬಂದ್ರೆ ಹೇಳೋಕೆ ಅಂತ ಎಸ್ಟೇಟ್‌ನಾಗೆ ಒಂಬತ್ತು ವಾಕಿಟಾಕಿ ಕೊಟ್ಟಿದ್ರಲ್ಲ, ಒಂದೂ ಬಾಯಿ ಬಿಡ್ಲಿಲ್ಲ." ಆಕೆಯ ಬೆರಳು ಕಾನ್‌ಸ್ಟೇಬಲ್ ಯೋಗೇಶನತ್ತ ತಿರುಗಿತು. "ಆ ಡಬ್ಬಗಳನ್ನ ಆರಿಸಿ ಕೊಡ್ಸಿದ್ದು ಇವ್ರೇ. ಇವ್ರ ಹೆಸ್ರೂ ಬರ್ಕಳಿ."

ಯೋಗೇಶನ ಕೈಲಿದ್ದ ಪೆನ್ನು ನಿಂತಿತು. ಕೆ. ಹೊಸಕೋಟೆ ಬೀಟ್ ಅವನದೇ. ಎಸ್ಟೇಟಿನವರು ಯಾವ ಸೆಟ್ ಒಳ್ಳೇದು ಅಂತ ಕೇಳಿದಾಗ ಸಕಲೇಶಪುರಕ್ಕೆ ಕರೆದುಕೊಂಡು ಹೋಗಿ ಕೊಡಿಸಿದ್ದ. ಹಂಚುವ ದಿನ ಕೂಲಿಂಗ್ ಗ್ಲಾಸ್ ಹಾಕಿ, "ಈ ಗುಂಡಿ ಒತ್ತಿದ್ರೆ ನಾನ್ ಮಾತಾಡಲ್ಲ, ಬೆಟ್ಟಾನೇ ಮಾತಾಡುತ್ತೆ" ಎಂದು ಡೈಲಾಗ್ ಬೇರೆ ಹೊಡೆದಿದ್ದ. ಕಾಫಿ ಕೊಯ್ಯುವ ಹೆಂಗಸರೆಲ್ಲ ಶಿಳ್ಳೆ ಹಾಕಿದ್ದರು.

ಪಿಎಸ್‌ಐ ಚೈತ್ರಶ್ರೀ ದೂರನ್ನು ಪೂರ್ತಿ ಓದಿದರು. "ಬೆಟ್ಟ ಮಾತಾಡ್ತಾ, ಯೋಗೇಶ?"

"ಮೇಡಂ, ಸೆಟ್ ಚೆನ್ನಾಗೇ ಇದ್ವು."

"ಕೆಟ್ಟಿದ್ರೆ ನೀನು ಎಫ್‌ಐಆರ್ ಒಳಗೆ. ಅಲ್ಲೀತಂಕ ಜೀಪ್ ಒಳಗೆ. ಹತ್ತು."

12.10ಕ್ಕೆ ಎಫ್‌ಐಆರ್ ದಾಖಲಾಯಿತು. 1.15ಕ್ಕೆ ಮೂರನೇ ಬ್ಲಾಕಿನಲ್ಲಿ ಸ್ಥಳ ಪಂಚನಾಮೆ. ಕೊಯ್ದ ಹಣ್ಣಿನ ಚೀಲಗಳು ಅಲ್ಲಲ್ಲೇ ಉರುಳಿದ್ದವು. ಬೆಟ್ಟಮ್ಮ ಬಿದ್ದ ಚರಂಡಿಯ ಅಂಚಿನಲ್ಲಿ ಒಂಟಿ ಚಪ್ಪಲಿ ಇತ್ತು. ಆನೆಯ ಹೆಜ್ಜೆ ಆರು ಮಾರು ದೂರದಲ್ಲಿ ಹಾದುಹೋಗಿತ್ತು. ಕೊಯ್ಲಿನವರು ಗೇಟಿನ ಬಳಿ ಗುಂಪುಕಟ್ಟಿಕೊಂಡು, ಒಳಗೂ ಬಾರದೆ ಮನೆಗೂ ಹೋಗದೆ ನಿಂತಿದ್ದರು. ಯೋಗೇಶನನ್ನು ನೋಡಿದ ಮೇಲೆ ಯಾರೂ ಶಿಳ್ಳೆ ಹಾಕಲಿಲ್ಲ.

ಒಂಬತ್ತು ಸೆಟ್ಟುಗಳನ್ನೂ ಜಪ್ತಿ ಮಾಡಿ ಒಂದೊಂದನ್ನೇ ಒತ್ತಿ ನೋಡಿದರು. ಒಂಬತ್ತೂ ಮಾತಾಡಿದವು. ಯೋಗೇಶನಿಗೆ ಉಸಿರು ಬಂತು, ಆದರೆ ಪೂರ್ತಿ ಬರಲಿಲ್ಲ. ಸೆಟ್ ಸರಿ ಇದ್ದರೆ ಬೆಳಗ್ಗೆ ಏನಾಗಿತ್ತು?

ಕಾವಲುಗಾರ ಪುಟ್ಟಸ್ವಾಮಿಯನ್ನು ಮೊದಲು ಕೇಳಿದರು.

"ಆನೆ ಎಷ್ಟೊತ್ತಿಗೆ ಕಾಣ್ತು?"

"ಎಂಟೂ ಐದು. ಮೊಬೈಲ್ ನೋಡ್ದೆ. ಮೂರನೇ ಬ್ಲಾಕ್ ಕಡೆ ಇಳೀತೈತೆ ಅಂತ ಬಡ್ಕಂಡೆ ಮೇಡಂ. ಯಾರೂ ಓಗೊಡ್ಲಿಲ್ಲ. ಗುಂಡಿ ಬಿಟ್ರೆ ಬರೀ ಗಾಳಿ."

"ಎಂಥ ಗಾಳಿ?"

"ಹೋ ಅಂತ. ಎಂಟೂ ಒಂಬತ್ತಕ್ಕೆ ನಿಂತ್ಹೋಯ್ತು. ಅಷ್ಟೊತ್ತಿಗೆ ಆ ಕಡೆ ಕೂಗಾಟ ಶುರುವಾಗ್ಬುಟ್ಟಿತ್ತು."

ಕೊಯ್ಲಿನ ಗುಂಪಿನ ಹಿರಿಯಳು ಕಲ್ಯಾಣಮ್ಮ ಕೇಳಿದ್ದೂ ಗಾಳಿಯನ್ನೇ. ಆನೆ ಹಿಡಿಯಲು ಬಂದು ರಸ್ತೆ ಪಕ್ಕ ಬೀಡುಬಿಟ್ಟಿದ್ದ ಅರಣ್ಯ ಇಲಾಖೆಯ ತಂಡದ ಬಳಿಯೂ ಒಂದು ಸೆಟ್ಟಿತ್ತು, ಅವರಿಗೂ ಗಾಳಿಯೇ. ಯೋಗೇಶ ಹೇಳಿಕೆಗಳನ್ನು ಬರೆಯುತ್ತ ಹೋದ. ಏಳು ಜನಕ್ಕೆ ಗಾಳಿ ಕೇಳಿಸಿತ್ತು. ಇಬ್ಬರಿಗೆ ಏನೂ ಕೇಳಿಸಿರಲಿಲ್ಲ.

ಒಬ್ಬ, ಎಸ್ಟೇಟಿನ ಸ್ಟೋರಿನಲ್ಲಿ ಕೂತು ಕೆಲಸದ ಲೆಕ್ಕ ಬರೆಯುವ ರೈಟರ್ ನಟರಾಜ್. "ನಂಗೆ ಯಾವತ್ತೂ ಏನೂ ಕೇಳ್ಸಲ್ಲ ಮೇಡಂ. ಎಲ್ರೂ ಬಾಯ್ಮುಚ್ಕೊಂಡು ಕೆಲ್ಸ ಮಾಡ್ತಾವ್ರೆ ಅಂತ ಖುಷೀಲಿದ್ದೆ."

ಇನ್ನೊಬ್ಬ, ಬೋಳುಬಂಡೆಯ ಮೇಲೆ ಕಾವಲು ಕೂರುವ ಐವತ್ತೆಂಟರ ಶಾಂತಮಲ್ಲಪ್ಪ. ಈ ಸೀಮೆಯಲ್ಲಿ ಆನೆಯ ಜಾಡು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆಳಗ್ಗೆ ಬೆಟ್ಟಮ್ಮನನ್ನು ಬೆನ್ನ ಮೇಲೆ ಹೊತ್ತು ಜೀಪಿನವರೆಗೆ ತಂದವನೂ ಅವನೇ. "ಸೆಟ್ ತಣ್ಣಗಿತ್ತು" ಎಂದಷ್ಟೇ ಹೇಳಿ ಎದ್ದುಹೋದ.

ಸಂಜೆ ಜೀಪಿನಲ್ಲಿ ಚೈತ್ರಶ್ರೀ ಕೇಳಿದರು. "ಒಬ್ರು ಗುಂಡಿ ಒತ್ತಿ ಹಿಡ್ಕೊಂಡೇ ಇದ್ರೆ?"

"ಉಳಿದೋರ ಮಾತು ಅದರಡಿ ಮುಚ್ಚೋಗುತ್ತೆ ಮೇಡಂ. ಒತ್ತಿದೋರ ಸುತ್ತ ಏನು ಸದ್ದೋ ಅದೇ ಎಲ್ರಿಗೂ ಕೇಳುತ್ತೆ."

"ಒತ್ತಿದೋರಿಗೆ?"

ಯೋಗೇಶ ಹೇಳಿಕೆಗಳ ಹಾಳೆ ತಿರುವಿದ. "ಏನೂ ಕೇಳಲ್ಲ."

ಹಾಗಾದರೆ ಇಬ್ಬರಲ್ಲೊಬ್ಬ. ಯೋಗೇಶ ಸೆಟ್ ಕೊಂಡಿದ್ದ ಅಂಗಡಿಯ ಬಾಬಾಜಾನ್‌ಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದ.

"ಬಾಬಣ್ಣ, ಡಬ್ಬದ ಮೇಲೆ ಹತ್ತು ಕಿಲೋಮೀಟ್ರು ಅಂತ ಬರ್ದೈತಲ್ಲ, ಸ್ಟೋರಿಗೆ ಯಾಕೆ ಕೇಳ್ಸಲ್ಲ?"

"ಅದು ಬಯಲಿಗೆ ಕಣಯ್ಯ. ಮಧ್ಯ ಒಂದು ಗುಡ್ಡ ಬಂದ್ರೆ ಒಂದು ಕಿಲೋಮೀಟ್ರೂ ಇಲ್ಲ. ಕೊಡೋಕೆ ಮುಂಚೆ ಜಾಗ ಜಾಗ ನಡೆದು ನೋಡು ಅಂತ ಬಡ್ಕೊಂಡೆ. ನೀನು ಸೆಟ್ ಹಿಡ್ಕೊಂಡು ನನ್ನ ಕನ್ನಡಿ ಮುಂದೆ ಪೋಸು ಕೊಡ್ತಿದ್ದೆ, ಮಾರಾಯ."

ಚೈತ್ರಶ್ರೀ ಕಿಟಕಿಯಾಚೆ ನೋಡುತ್ತಿದ್ದರು. ಆನೇಮಹಲಿನ ಮನೆಗೆ ಹೋದ ಯೋಗೇಶ ಕೂಲಿಂಗ್ ಗ್ಲಾಸನ್ನು ಪೆಟ್ಟಿಗೆಯೊಳಗಿಟ್ಟ.

ಗುರುವಾರ ಬೆಳಗ್ಗೆ 8.05. ಪುಟ್ಟಸ್ವಾಮಿ ನಿಂತಿದ್ದ ಜಾಗದಲ್ಲೇ ನಿಂತು ಚೈತ್ರಶ್ರೀ ಸೆಟ್ಟಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದರು. ಯೋಗೇಶ ಮೊದಲು ಸ್ಟೋರಿನಲ್ಲಿದ್ದ. ಸ್ಟೋರು ಗುಡ್ಡದ ಬೆನ್ನಿಗೆ ಅಂಟಿಕೊಂಡಂತಿತ್ತು; ಒಂದಂಕಿಯೂ ಬರಲಿಲ್ಲ. ಅಲ್ಲಿಂದ ಅವನು ಸೆಟ್ಟಿನಲ್ಲಿ ಕೂಗಿದ್ದೂ ಹೊರಗೆ ಯಾರಿಗೂ ಕೇಳಿಸಲಿಲ್ಲ. ನಟರಾಜ್ ಹೇಳಿದ್ದು ನಿಜ.

ಆಮೇಲೆ ಬೋಳುಬಂಡೆ ಹತ್ತಿದ. ಗಾಳಿ ಅಂಗಿಯೊಳಗೆ ನುಗ್ಗಿ ಬಲೂನು ಮಾಡಿತು. ಮೇಡಂ ಎರಡನೇ ಸಲ ಎಣಿಸಿದಾಗ, ನಡುವೆ ಅವರು ಗಂಟಲು ಸರಿಮಾಡಿಕೊಂಡಿದ್ದೂ ಕೇಳಿಸಿತು. ಇಡೀ ಎಸ್ಟೇಟಿನಲ್ಲಿ, ಸ್ಟೋರಿನದು ಬಿಟ್ಟು ಉಳಿದೆಲ್ಲರ ಮಾತೂ ಚೆನ್ನಾಗಿ ಕೇಳುವ ಜಾಗ ಅದೊಂದೇ. ಅಲ್ಲಿ ಕೂತವನಿಗೇ ಬುಧವಾರ ಏನೂ ಕೇಳಿಸಿರಲಿಲ್ಲ.

9.30ಕ್ಕೆ ಶಾಂತಮಲ್ಲಪ್ಪನನ್ನು ಬಂಡೆಯ ಕೆಳಗೆ ಕೂರಿಸಿದರು.

"ಗುಂಡಿ ಒತ್ತಿದ್ದು ಯಾರು?"

"ನಾನೇ ಕಣವ್ವ." ಅವನು ತಲೆ ಎತ್ತಲಿಲ್ಲ. "ನೀವು ಬರ್ಲಿ ಅಂತ್ಲೇ ಕಾಯ್ತಿದ್ದೆ."

"ಯಾಕೆ?"

"ಹೋದ್ವರ್ಷ ಹಿಡಿಯೋಕೆ ಬಂದೋರಿಗೆ ಒಂಟಿ ಸಲಗ ತೋರ್ಸಿದ್ದು ನಾನು. ಮತ್ತಿನ ಸೂಜಿ ತಿಂದು ಓಡಿ ಕೆರೇಗೆ ಬಿದ್ಬುಡ್ತು. ಸೊಂಡ್ಲು ಮೇಲೆತ್ಕಂಡೇ ಮುಳುಗ್ತು. ಆವತ್ತಿಂದ ನಿದ್ದೆ ಇಲ್ಲ. ಈ ಸಲಾನೂ ಅವ್ರ ಕೈಲಿ ಒಂದು ಸೆಟ್ ಐತಲ್ಲ. ಬಂಡೆ ಮೇಲಿಂದ ಆನೆ ಇಳಿಯೋದು ಕಂಡೆ, ಪುಟ್ಟಸ್ವಾಮಿ ಕೂಗಿದ್ರೆ ಅವ್ರಿಗೂ ಕೇಳ್ತೈತೆ. ನಾಲ್ಕು ನಿಮಿಷ ಯಾರಿಗೂ ಗೊತ್ತಾಗ್ದಿದ್ರೆ ಅದು ರಸ್ತೆ ದಾಟಿ ಬಿಸಿಲೆ ಕಾಡಿನ ದಿಕ್ಕು ಹಿಡೀತಿತ್ತು."

"ದಾರೀಲಿ ಜನ ಇದ್ರಲ್ಲ?"

"ಮೂರನೇ ಬ್ಲಾಕಿಗೆ ಕೊಯ್ಲು ಗುರುವಾರ ಅಂತ ಗೊತ್ತಿತ್ತು ನಂಗೆ. ಬುಧವಾರ ಖಾಲಿ. ಬೆಟ್ಟಮ್ಮ ಕೂಲಿ ಲೈನಲ್ಲಿ ನಮ್ಮ ಪಕ್ಕದ್ಮನೇಳು. ಅವ್ಳಿದಾಳೆ ಅಂತ ಗೊತ್ತಿದ್ರೆ ಗುಂಡಿ ಮುಟ್ತಿದ್ನಾ?"

ಪಕ್ಕದಲ್ಲಿದ್ದ ನಟರಾಜ್ ತಡೆದ. "ಬುಧವಾರವೇ ಮೂರನೇ ಬ್ಲಾಕು ಅಂತ ಕೊಯ್ಲಿನೋರಿಗೆ ಎದುರಿಗೇ ಹೇಳಿ, ಉಳಿದೋರಿಗೆ ಬೆಳಗ್ಗೆ ಆರೂವರೆಗೆ ಸೆಟ್ಟಲ್ಲಿ ಹೇಳಿದ್ನಲ್ಲ. ಸ್ಟೋರಿಂದ."

ಆ ಮಾತು ಗುಡ್ಡ ದಾಟಿರಲೇ ಇಲ್ಲ. ಸ್ಟೋರಿನ ಮೇಜಿನ ಮೇಲೆ ಆ ಸೆಟ್ ಇಟ್ಟು, ಬೆಟ್ಟ ಪೂರ್ತಿ ಕೇಳುತ್ತೆ ಎಂದು ನಟರಾಜನ ಭುಜ ತಟ್ಟಿ ಬಂದಿದ್ದವನು ಯೋಗೇಶ.

10.05ಕ್ಕೆ ದಸ್ತಗಿರಿ ಆಯಿತು. ಶಾಂತಮಲ್ಲಪ್ಪನ ಕೈಗೆ ಕೋಳ ಹಾಕಲಿಲ್ಲ. ದಾರಿಯಲ್ಲಿ ಅವನು ಕೇಳಿದ್ದು ಎರಡೇ. ಬೆಟ್ಟಮ್ಮ ನಡೀತಾಳಾ? ಆನೆ ದಾಟ್ತಾ? ಮೊದಲನೆಯದಕ್ಕೆ ಡಾಕ್ಟರು ಆರು ತಿಂಗಳು ಎಂದಿದ್ದರು. ಎರಡನೆಯದನ್ನು ಕೇಳಿ ಅವನೇ ಕಿಟಕಿಯಿಂದ ಬಿಸಿಲೆಯ ದಿಕ್ಕಿಗೆ ನೋಡಿದ.

ಠಾಣೆಯಲ್ಲಿ ಯೋಗೇಶ ಕೇಸ್ ಡೈರಿ ತೆರೆದು ಕಾರಣ ಬರೆದ: ಹಿಂದೆ ತಾನು ತೋರಿಸಿಕೊಟ್ಟ ಆನೆ ಸತ್ತ ಸಂಕಟದಿಂದ ಆರೋಪಿಯು ಈ ಕೃತ್ಯ ಎಸಗಿರುತ್ತಾನೆ. ಮುಂದಿನ ಸಾಲಿಗೆ ಬಂದು ನಿಂತ.

"ಮೇಡಂ, ಸ್ಟೋರಿನ ವಿಷಯ ಹಾಕ್ಬೇಕಾ?"

ಚೈತ್ರಶ್ರೀ ಪೆನ್ನಿಗೆ ಕೈ ಚಾಚಿದರು. "ಇಲ್ಲಿ ಕೊಡು. ನೀನು ಆ ಕಡೆ ಬೆಂಚಲ್ಲಿ ಕೂತ್ಕೊ." ಡೈರಿ ಬದಿಗಿಟ್ಟು, ಹೊಸ ಹಾಳೆ ಎಳೆದುಕೊಂಡು ಮೇಲೆ 'ಹೇಳಿಕೆ' ಎಂದು ಬರೆದರು. "ಹೆಸರು ಹೇಳು."