ಬ್ರೆಡ್ ಗಾಡಿಯಲ್ಲಿ ಬಂದ ಕರೆ

“ಓ... ಬಂದೇ...!”

ತಟ್ಟೆಯಲ್ಲಿ ಅಲಸಂದೆ ಆರಿಸುತ್ತ ಕುಳಿತಿದ್ದ ತಾಯಿ ಹಾಗೆ ಕೂಗಿಕೊಂಡು ಎದ್ದದ್ದೇ ತಡ, ಕಾಳೆಲ್ಲ ಅಂಗಳದ ಸಿಮೆಂಟಿನ ಮೇಲೆ ಚೆಲ್ಲಾಪಿಲ್ಲಿಯಾಯಿತು. ಹಿಂದಿನ ಕೋಣೆಯಲ್ಲಿ ಕೊಂಗಾ ಡೋಲಿನ ಚರ್ಮ ಬಿಗಿ ಮಾಡುತ್ತಿದ್ದ ದೆಲೆ ಗಾಬರಿಯಿಂದ ಹೊರಗೆ ಓಡಿಬಂದ. ಅಷ್ಟರಲ್ಲಿ ಅವನ ಸೋದರತ್ತೆ ಮೊರೆನಿಕೆ ಅಡುಗೆಮನೆಯಿಂದ ಹಾರಿ ಬಂದವಳೇ ತಮ್ಮನ ಹೆಂಡತಿಯ ಬಾಯನ್ನು ಒದ್ದೆ ಅಂಗೈಯಿಂದ ಒತ್ತಿ ಹಿಡಿದುಬಿಟ್ಟಿದ್ದಳು.

“ಮುಚ್ಚು ಬಾಯಿ! ಯಾರು ಕರೆದರು ಅಂತ ಓಗೊಟ್ಟೆ? ಯಾರ ಮುಖ ನೋಡಿದೆ ನೀನು?”

ತಾಯಿ ಆ ಕೈಯನ್ನು ಮೆಲ್ಲಗೆ ಸರಿಸಿದಳು. ಆ ವಯಸ್ಸಿನಲ್ಲೂ ಅವಳ ಮುಖ ಹೊಸ ಮದುಮಗಳ ಹಾಗೆ ನಾಚಿಕೊಂಡಿತ್ತು.

“ಅವರು ಕಣ್ರೀ ಅತ್ತಿಗೆ... ದೆಲೆಯ ಅಪ್ಪ. ನನ್ನ ಹೆಸರು ಹಿಡಿದು ಕರೆದರು.”

ದೆಲೆಯ ಅಪ್ಪ ಮಣ್ಣಿಗೆ ಸೇರಿ ವರ್ಷವಾಗುತ್ತ ಬಂದಿತ್ತು! ಮೊರೆನಿಕೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಅಲ್ಲೇ ಕುಸಿದು ಕೂತಳು. ಲಾಗೋಸ್ ನಗರದ ಮುಶಿನ್‌ನ ಆ ಗಲ್ಲಿಗಳಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ವಿಷಯ ಅದು. ಕರೆದವರ ಮುಖ ಕಾಣದಿದ್ದರೆ ಓಗೊಡಬಾರದು. ಸತ್ತವರು ಕರೆದಾಗ ಓಗೊಟ್ಟರಂತೂ ಮುಗಿಯಿತು, ಹೊರಡಲು ಒಪ್ಪಿದ ಹಾಗೆಯೇ. ಗಲ್ಲಿಯ ತುದಿಯಲ್ಲಿ ಬ್ರೆಡ್ ಮಾರುವ ಗಾಡಿ ತಿರುಗುತ್ತಿತ್ತು. ಅದರ ಧ್ವನಿವರ್ಧಕದಿಂದ ಕೊಂಗಾದ ಕುಣಿತ, ಬಾಸ್ ಗಿಟಾರಿನ ಗುಂಗು, ಅದರ ಮೇಲೆ ಒಂಟಿ ದುಂದುನ್ ಡೋಲಿನ ದನಿ ತೇಲಿಬರುತ್ತಿತ್ತು. ದೆಲೆ ಥಟ್ಟನೆ ಗಲ್ಲಿಯತ್ತ ತಿರುಗಿದ. ಆ ಹಾಡನ್ನು ಕಟ್ಟಿಕೊಟ್ಟವನು ಅವನೇ.

ಅವನ ಕಸುಬೇ ಅಂಥದು. ಸಂಬಳವಿಲ್ಲ, ಯಜಮಾನನಿಲ್ಲ, ಯಾರು ಕರೆದರೆ ಅವರ ಹಾಡಿಗೆ ಆಫ್ರೋಬೀಟ್ ಸಂಗೀತ ಕಟ್ಟಿಕೊಡುವುದು. ನೆರೆಯವರ ಜನರೇಟರಿನ ಗದ್ದಲ ಒಳಗೆ ಬಾರದಿರಲೆಂದು ಹಿಂದಿನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹಾಸಿಗೆ ಒರಗಿಸಿದ್ದ. ಮೊದಲು ಕೊಂಗಾ, ಅದರ ಮೇಲೆ ಮಣಿಬಲೆ ಹೊದ್ದ ಸೋರೆಬುರುಡೆಯ ಝಲ್‌ಝಲ್, ನಡುವೆ ಕೋಲಿನ ಟಕಟಕ, ಅಡಿಯಲ್ಲಿ ಬಾಸ್ ಗಿಟಾರ್... ಒಂದೊಂದನ್ನೂ ತಾನೇ ನುಡಿಸಿ, ಯಂತ್ರದಲ್ಲಿ ಮುದ್ರಿಸಿ ಒಂದರ ಮೇಲೊಂದು ಕೂರಿಸುತ್ತಿದ್ದ. ಕೇಳುವವರಿಗೆ ದೊಡ್ಡ ಮೇಳವೇ ಕೂತು ನುಡಿಸಿದಂತಿರಬೇಕು, ಕೂತವನು ಮಾತ್ರ ಒಬ್ಬನೇ! “ಅಣ್ಣಾ, ನೀನಿಲ್ಲದೆ ನಾನಿಲ್ಲ” ಎನ್ನುತ್ತಿದ್ದ ಹಾಡುಗಾರರು ಹಾಡು ಕೈಗೆ ಬಂದ ಮೇಲೆ ಫೋನೇ ಎತ್ತುತ್ತಿರಲಿಲ್ಲ. ಹಾಗಾಗಿ ಚರ್ಚಿನ ಹಾಡು, ಮದುವೆಯ ವಿಡಿಯೊ, ಕೊನೆಗೆ ಬ್ರೆಡ್ ಗಾಡಿಯ ಜಾಹೀರಾತು, ಬಂದದ್ದಕ್ಕೆಲ್ಲ ಕೈ ಹಾಕುತ್ತಿದ್ದ.

“ಜನ ಹಲ್ಲುಜ್ಜೋ ಕಡ್ಡಿ ಬಾಯಲ್ಲಿಟ್ಕೊಂಡೇ ಬಾಗಿಲಿಗೆ ಓಡಿಬರಬೇಕು, ಅಂಥದ್ದೊಂದು ಮಾಡ್ಕೊಡಪ್ಪ” ಎಂದಿದ್ದಳು ಬೇಕರಿಯ ಒಡತಿ. ತಾಳವೆಲ್ಲ ಸೊಗಸಾಗಿ ಕೂತರೂ ಆ ಓಡಿಸಿ ತರುವ ಗುಣ ಬರಲಿಲ್ಲ. ಆಗ ಅವನಿಗೆ ಅಪ್ಪನ ತುಣುಕು ನೆನಪಾಯಿತು.

ಅಪ್ಪ ದುಂದುನ್ ನುಡಿಸುವ ಮನೆತನದವನು. ಡೋಲನ್ನು ಕಂಕುಳಲ್ಲಿ ಅದುಮಿ, ಹಗ್ಗ ಬಿಗಿಮಾಡಿ ಸಡಿಲಮಾಡಿ, ಬಾಗಿದ ಕೋಲಿನಿಂದ ಬಡಿದರೆ ಅದು ಮನುಷ್ಯರ ಮಾತಿನ ಏರಿಳಿತದಲ್ಲೇ ಮಾತಾಡುತ್ತಿತ್ತು. ಔತಣಕೂಟಗಳಿಗೆ ಹೋಗಿ, ದುಡ್ಡಿದ್ದವರ ಹೆಸರು, ವಂಶ, ಹೊಗಳಿಕೆಗಳನ್ನೆಲ್ಲ ನುಡಿಸಿ ನೋಟಿನ ಮಳೆ ಸುರಿಸಿಕೊಂಡು ಬರುವುದು ಅವನ ಕೆಲಸ. ಸಾಯುವ ಮುಂಚೆ, ಕೆಮ್ಮುತ್ತಲೇ, ಮಗನ ಕೋಣೆಯಲ್ಲಿ ಯಾವುದೋ ಹಾಡಿಗೆ ನುಡಿಸಿಕೊಟ್ಟಿದ್ದ. ಕೆಲಸ ಮುಗಿದ ಮೇಲೆ, “ಯಂತ್ರ ಇನ್ನೂ ಓಡ್ತಿದೆಯೇನೋ?” ಎಂದು ಕೇಳಿ, ತೆರೆದ ಬಾಗಿಲಿನಾಚೆ ಅಂಗಳದಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ಹೆಂಡತಿಯ ಬೆನ್ನು ನೋಡುತ್ತ ಒಂದು ಸಣ್ಣ ತುಣುಕು ನುಡಿಸಿದ. ಎಣ್ಣೆಯ ಚುಂಯ್‌ಗುಟ್ಟುವಿಕೆಯಲ್ಲಿ ಅವಳಿಗದು ಕೇಳಿಸಲಿಲ್ಲ. “ಏನಪ್ಪಾ ಹೇಳಿದ್ದು?” ಎಂದಾಗ, “ನಿನಗಲ್ಲ ಬಿಡು” ಎಂದು ನಕ್ಕಿದ್ದ. ಶಾಲೆಗೆ ಹೋಗಿ, ಅಲ್ಲಿಂದ ಬ್ಯಾಂಡುಗಳ ಹಿಂದೆ ಓಡಿದ ದೆಲೆಗೆ ತಾಳ ಗೊತ್ತಿತ್ತು, ಡೋಲಿನ ಮಾತು ಗೊತ್ತಿರಲಿಲ್ಲ. ಇಂಪಾಗಿದೆ ಎಂದಷ್ಟೇ ಅನ್ನಿಸಿ ಅದನ್ನೇ ತೆಗೆದು ಬ್ರೆಡ್ಡಿಗೆ ಅಂಟಿಸಿಬಿಟ್ಟಿದ್ದ. ಅಯ್ಯೋ, ಎಂಥ ಕೆಲಸ!

“ಅದು ನನ್ನ ತಮ್ಮನ ಕೈ!” ಮೊರೆನಿಕೆ ಅಂಗಳದಿಂದಲೇ ಅವನತ್ತ ಬೆರಳು ಚಾಚಿದಳು. “ಅಪ್ಪನ ಉಸಿರನ್ನ ಬ್ರೆಡ್ಡಿಗೆ ಮಾರ್ಕೊಂಡ್ಯಲ್ಲೋ ಪಾಪಿ! ಏನು ಹೇಳ್ತಿದೆ ಗೊತ್ತೇನೋ ಅದು? ‘ಅಯೊಕಾ, ನೀಲಿ ಬಣ್ಣ ಹಾಕೋರ ಮಗಳೇ, ಒಲೆ ಬಿಟ್ಟು ಹೊರಗೆ ಬಾ’ ಅಂತಿದೆ. ಬಾ ಅಂತ! ಸತ್ತೋನು ಬಾ ಅಂದ, ಇವಳು ಬಂದೆ ಅಂದಳು! ಹೆತ್ತವಳನ್ನ ಕಳಿಸೋಕೆ ನೀನೇ ಗಾಡಿ ಕಟ್ಟಿ ಕಳಿಸಿದ್ಯಲ್ಲೋ!”

“ಅತ್ತೆ, ನನಗೆ ಗೊತ್ತಿರಲಿಲ್ಲ...”

“ಗೊತ್ತಿರಲಿಲ್ಲವಂತೆ! ಡೋಲಿನವರ ಹೊಟ್ಟೇಲಿ ಹುಟ್ಟಿದ ಕಿವುಡ!”

ದೆಲೆಗೆ ಕಣ್ಣು ತುಂಬಿ ಬಂತು. ಆದರೆ ತಾಯಿ ಮಾತ್ರ ಚೆಲ್ಲಿದ ಕಾಳನ್ನು ಆರಿಸಿಕೊಳ್ಳುತ್ತ ಮುಗುಳ್ನಗುತ್ತಿದ್ದಳು.

ಅಂದಿನಿಂದ ಅವಳ ದಿನಚರಿಯೇ ಬದಲಾಯಿತು. ಬೆಳಿಗ್ಗೆ ಎದ್ದು ಮುಖ ತೊಳೆದು, ಪೆಟ್ಟಿಗೆಯಿಂದ ತವರಿನವರು ಬಣ್ಣ ಹಾಕಿದ ನೀಲಿ ಬಟ್ಟೆ ತೆಗೆದು ಉಟ್ಟು, ತಲೆಗೆ ವಸ್ತ್ರ ಸುತ್ತಿ ಬಾಗಿಲಲ್ಲಿ ಕೂರುವಳು. ಗಾಡಿ ಬಂತೆಂದರೆ ಮೊರೆನಿಕೆಯ ಕಣ್ಣು ತಪ್ಪಿಸಿ ಹೋಗಿ ಒಂದು ಬ್ರೆಡ್ ತರುವಳು. ಬ್ರೆಡ್ಡಿನ ಮೇಲೆ ಬ್ರೆಡ್! ಅಲಸಂದೆ ಪಲ್ಯದ ಜೊತೆ ತಿಂದು, ಚಹಾದಲ್ಲಿ ಅದ್ದಿ ತಿಂದು, ನೆರೆಹೊರೆಗೆ ಹಂಚಿ, ಇನ್ನೂ ಮಿಕ್ಕು ಕಪಾಟಿನಲ್ಲಿ ಬೂಸಲು ಹಿಡಿಯುತ್ತಿತ್ತು.

“ಅಮ್ಮಾ, ಆ ಡೋಲಿನ ಭಾಗ ತೆಗೆದುಹಾಕ್ತೀನಿ. ಅತ್ತೆ ಹೇಳೋದು ನಿಜವಾಗಿಬಿಟ್ಟರೆ...” ಎಂದ ದೆಲೆ ಒಂದು ದಿನ.

ತಾಯಿ ಅವನ ಕೈ ಹಿಡಿದುಕೊಂಡಳು. “ಬೇಡ ಮಗಾ. ನಲವತ್ತು ವರ್ಷ ಡೋಲಿನವನ ಜೊತೆ ಬಾಳಿದೆ. ಈ ಊರಿನ ದಪ್ಪ ಹೊಟ್ಟೆಯವರ ಹೆಂಡಿರನ್ನೆಲ್ಲ ಅವರು ಹೆಸರು ಹಿಡಿದು ಹೊಗಳಿದರು. ನನ್ನನ್ನ? ‘ಏ, ಇದ್ದೀಯಾ?’ ಅಂದರು. ‘ದೆಲೆಯ ಅಮ್ಮ’ ಅಂದರು. ನಾನು ಅಯೊಕಾ ಅಂತ ಈ ಮನೇಲಿ ಯಾರಿಗೆ ನೆನಪಿತ್ತು, ಹೇಳು? ಈಗ ಬೀದಿಯಲ್ಲಿ, ಎಲ್ಲರೂ ಕೇಳೋ ಹಾಗೆ ಕರೀತಿದ್ದಾರೆ... ಕೇಳಿಸಿಕೊಳ್ಳದೆ ಇರಲಾ?”

ದೆಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಆದರೆ ಆಗುವುದು ಆಗಿಯೇ ಹೋಯಿತು. ಗಾಡಿಯ ಚಾಲಕ ಒಂದು ಬೆಳಿಗ್ಗೆ ತಡವಾಯಿತೆಂದು ಅವರ ಗಲ್ಲಿಗೆ ತಿರುಗದೆ ಮುಖ್ಯರಸ್ತೆಯಲ್ಲೇ ಹೊರಟುಬಿಟ್ಟ. ಡೋಲಿನ ದನಿ ದೂರವಾಗುತ್ತಿರುವುದನ್ನು ಕೇಳಿದ ತಾಯಿ, “ತಾಳ್ರೀ... ಬಂದೆ, ಬಂದೆ...” ಎನ್ನುತ್ತ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಎದುರಿನಿಂದ ನುಗ್ಗಿ ಬಂದ ಬಾಡಿಗೆ ಬೈಕು ಅವಳನ್ನು ಚರಂಡಿಯ ಅಂಚಿಗೆ ಎಸೆಯಿತು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಿಂದ ತಂದು ಮಲಗಿಸಿದ ದಿನ ಮೊರೆನಿಕೆ ಹಿಂದಿನ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಳು.

“ಈ ಸಲ ಸೊಂಟ. ಮುಂದಿನ ಸಲ? ಗಾಡಿಯಿಂದ ತೆಗಿ. ಈ ನಿನ್ನ ಯಂತ್ರದಿಂದಲೂ ಒರೆಸು. ನನ್ನ ಕಣ್ಣೆದುರಿಗೇ ಒರೆಸು!”

ಚರಂಡಿಯ ಅಂಚಿನಲ್ಲಿ ಬಿದ್ದಿದ್ದ ತಾಯಿಯ ನೀಲಿ ಬಟ್ಟೆಯೇ ದೆಲೆಯ ಕಣ್ಣಿಗೆ ಕಟ್ಟಿತ್ತು. ಅತ್ತೆಯ ಎದುರಿಗೇ ಒರೆಸಿದ. ಅಪ್ಪನ ಆ ತುಣುಕಿಗೆ ಬೇರೆ ಪ್ರತಿ ಇರಲಿಲ್ಲ. ಬೇಕರಿಯ ಒಡತಿಯ ಕೈಕಾಲು ಹಿಡಿದು, ಡೋಲಿನ ಜಾಗದಲ್ಲಿ ತುತ್ತೂರಿ ಹಾಕಿ ಹೊಸ ಜಾಹೀರಾತು ಮಾಡಿಕೊಟ್ಟ. ಹಳೆಯದನ್ನು ಗಾಡಿಯಿಂದ ತಾನೇ ಅಳಿಸಿ ಬಂದ. ತಾಯಿಯ ಜೀವ ಉಳಿಸಿದೆ ಎಂದುಕೊಂಡು ಆ ದಿನ ಹೊಟ್ಟೆ ತುಂಬ ಉಂಡ.

ಮರುದಿನ ಗಾಡಿ ಬಂತು. ತುತ್ತೂರಿ ಪೆಂ ಪೆಂ ಎಂದು ಕೂಗಿಕೊಂಡು ಹೋಯಿತು. ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿದ್ದ ತಾಯಿ, “ಇವತ್ತು ಕರೀಲಿಲ್ಲ” ಎಂದಳು. ಅದರ ಮರುದಿನವೂ ಕಿವಿಗೊಟ್ಟಳು. ಆಮೇಲೊಂದು ದಿನ, “ನಾನು ಬೀಳದೆ ಇದ್ದಿದ್ದರೆ ಕೈಗೆ ಸಿಕ್ಕಿರೋರು. ತಡ ಮಾಡ್ದೆ ಅಂತ ಸಿಟ್ಟು ಮಾಡ್ಕೊಂಡು ಹೋದರು” ಎಂದು ಗೋಡೆಯ ಕಡೆಗೆ ತಿರುಗಿಕೊಂಡಳು. ದೆಲೆ ತಡೆಯಲಾರದೆ ಮಂಡಿಯೂರಿ, “ಅಪ್ಪನಲ್ಲಮ್ಮಾ... ತೆಗೆದದ್ದು ನಾನು! ನಾನೇ ಒರೆಸಿಬಿಟ್ಟೆ!” ಎಂದು ಅತ್ತ. ತಾಯಿ ಬೈಯಲಿಲ್ಲ. “ಹೌದಾ? ಹೋಗ್ಲಿ ಬಿಡು ಮಗಾ” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು! ಅಂದಿನಿಂದ ಗಂಜಿ ಕೊಟ್ಟರೆ ಎರಡು ಗುಟುಕು, ಆಮೇಲೆ ಬೇಡ. ಮೂಳೆ ಕೂಡುತ್ತಿದೆ, ಆದರೆ ಇವರಿಗೆ ಏಳುವ ಮನಸ್ಸಿಲ್ಲ ಎಂದರು ವೈದ್ಯರು.

ದೆಲೆ ಬಂದ ಕೆಲಸಗಳನ್ನೆಲ್ಲ ಬಿಟ್ಟ. ಹಾಡುಗಾರರು ಫೋನ್ ಮಾಡಿದರೆ ಈಗ ಇವನೇ ಎತ್ತುತ್ತಿರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಅಪ್ಪನ ದುಂದುನ್ ಇಳಿಸಿ, ಧೂಳು ಒರೆಸಿ, ನೆನಪಿದ್ದ ಹಾಗೆ ಆ ತುಣುಕನ್ನು ಬಾಗಿಲ ಹೊರಗೆ ನಿಂತು ನುಡಿಸಿದ. ಒಳಗಿನಿಂದ ಕ್ಷೀಣವಾದ ನಗು ಕೇಳಿಸಿತು.

“ಯಾರದು, ದೆಲೆನಾ? ಮಾತು ಬಾರದ ಕೂಸು ಬಡಬಡಿಸ್ದಂಗಿದೆ ಕಣೋ... ಕೈ ನೋಯಿಸ್ಕೋಬೇಡ.”

ಅವನು ಡೋಲನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತ. ಎಷ್ಟು ತಾಳ ಕಟ್ಟಿದರೇನು, ತಾಯಿಯ ಹೆಸರು ಹೇಳಲು ಬರುವುದಿಲ್ಲ! ಆಗ ಮೊರೆನಿಕೆ ಬಂದು ಎದುರಿಗೆ ಮಣೆ ಎಳೆದುಕೊಂಡು ಕೂತಳು. ಬೈಯುತ್ತಾಳೆ ಎಂದುಕೊಂಡ. ಅವಳು ಡೋಲಿನ ಹಗ್ಗಗಳನ್ನು ಸವರಿದಳು.

“ಕಂಕುಳು ಬಿಗಿ ಮಾಡು,” ಎಂದಳು. “ಹಾಗಲ್ಲ. ‘ಅಯೊ’ ಅಂದಾಗ ಸಡಿಲ ಬಿಡು, ‘ಕಾ’ ಅಂದಾಗ ಹಿಂಡು. ನನ್ನ ಬಾಯಿ ನೋಡು.”

“ಅತ್ತೆ... ನೀವಾ?”

“ನಾನೇ. ಹೆಣ್ಣಿನ ಕೈಗೆ ಡೋಲು ಕೊಡಲಿಲ್ಲ ನಮ್ಮಪ್ಪ. ಮಾತು ಮಾತ್ರ ಕಿವೀಲಿ ಉಳೀತು.” ಅವಳು ತಾಯಿ ಮಲಗಿದ್ದ ಕೋಣೆಯತ್ತ ಕಣ್ಣು ಮಾಡಿದಳು. “ಇವಳು ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮಪ್ಪ ಇದನ್ನೇ ನುಡಿಸೋಕೆ ಹೊರಟಿದ್ದ ಕಣೋ. ನಾನೇ ತಡೆದೆ. ತಾಯಿಲ್ಲದ ತಮ್ಮನ್ನ ಸಾಕಿದವಳು ನಾನು. ‘ಒಲೆ ಮುಂದೆ ಕೂರೋಳಿಗೆ ದುಂದುನ್ ಯಾಕೋ? ನಾಚಿಕೆಯಾಗೋಲ್ವಾ?’ ಅಂತ ನೆಂಟರೆದುರಿಗೇ ಅಂದುಬಿಟ್ಟೆ. ಅವನು ಡೋಲು ಕೆಳಗಿಟ್ಟ. ಆಮೇಲೆ ಯಾವತ್ತೂ ಅವಳಿಗೆ ಕೇಳೋ ಹಾಗೆ ಅವಳ ಹೆಸರು ನುಡಿಸಲೇ ಇಲ್ಲ. ಅಂದು ಅಂಗಳದಲ್ಲಿ ಅವಳ ಬಾಯಿ ಮುಚ್ಚಿದೆನಲ್ಲ, ಭಯಕ್ಕೆ ಮಾತ್ರ ಮುಚ್ಚಿದ್ದಲ್ಲ... ಹೊಟ್ಟೆಕಿಚ್ಚೂ ಇತ್ತು ಕಣೋ. ನನ್ನನ್ನ ಯಾರು ಕರೆದರು?”

ದೆಲೆ ಅತ್ತೆಯನ್ನು ದಿಟ್ಟಿಸಿದ. ಇಷ್ಟು ವರ್ಷ ಮನೆಯನ್ನು ನಡುಗಿಸಿದ ಮುದುಕಿ ಉಟ್ಟ ಬಟ್ಟೆಯ ತುದಿಯಲ್ಲಿ ಮೂಗೊರೆಸಿಕೊಳ್ಳುತ್ತಿದ್ದಳು. ಅವನಿಗೆ ಸಿಟ್ಟೂ ಬಂತು, ಮರುಕವೂ ಬಂತು. ಕೋಲನ್ನು ಎತ್ತಿಕೊಂಡ. ಅತ್ತೆ ಬಾಯಲ್ಲಿ ಹೇಳಿದಳು, ಅವನು ಕೈಯಲ್ಲಿ ಹೇಳಿದ. ತಪ್ಪಿದಾಗಲೆಲ್ಲ ಮೊಣಕಾಲಿಗೆ ಒಂದು ಏಟು ಬೀಳುತ್ತಿತ್ತು.

ಮರುಭೂಮಿಯ ಕಡೆಯಿಂದ ಧೂಳುಗಾಳಿ ಬೀಸಿ ಬಿಸಿಲೆಲ್ಲ ಮಾಸಿದ್ದ ಒಂದು ಬೆಳಿಗ್ಗೆ. ಬ್ರೆಡ್ ಗಾಡಿ ತುತ್ತೂರಿ ಊದಿಕೊಂಡು ಹೋಗಿಯಾಗಿತ್ತು. ದೆಲೆ ಬೀದಿಬಾಗಿಲಲ್ಲಿ ನಿಂತು, ಕಂಕುಳಲ್ಲಿ ಡೋಲು ಅದುಮಿ ನುಡಿಸಿದ.

ಅಯೊಕಾ... ನೀಲಿ ಬಣ್ಣ ಹಾಕೋರ ಮಗಳೇ, ಅಯೊಕಾ... ಒಲೆ ಬಿಟ್ಟು ಹೊರಗೆ ಬಾ...

ಹಾಸಿಗೆಯ ಪಕ್ಕದಲ್ಲಿ ಕೂತಿದ್ದ ಮೊರೆನಿಕೆ ಬಾಗಿದಳು. ತಾಯಿ ಕಣ್ಣು ತೆರೆದಿದ್ದಳು. ತೆರೆದ ಕಿಟಕಿಯಿಂದ ದೆಲೆಗೆ ಒಳಗಿನ ಮಾತುಗಳು ಕೇಳಿಸುತ್ತಿದ್ದವು.

“ಅವರ ಕೈಯಲ್ಲ ಅದು... ಮಗು ನುಡಿಸ್ತಿದೆ.”

“ಹೌದು ಕಣೇ. ಮಗನೇ.”

“ಸರಿಯಾಗಿ ಹೇಳ್ತಿದ್ದಾನೆ. ನೀವು ಕಲಿಸಿದ್ರಾ ಅತ್ತಿಗೆ?”

ಮೊರೆನಿಕೆ ತಮ್ಮನ ಹೆಂಡತಿಯ ಒಣಗಿದ ಕೈಯನ್ನು ಎದೆಗೆ ಒತ್ತಿಕೊಂಡಳು. ದೆಲೆ ಮತ್ತೆ ಮೊದಲಿನಿಂದ ನುಡಿಸಿದ.

“ಓಗೊಡಲಾ ಅತ್ತಿಗೆ...?” ತಾಯಿ ಮಗುವಿನಂತೆ ಕೇಳಿದಳು.

“ಓಗೊಡು ತಾಯಿ... ಓಗೊಡು! ನಾನು ಬಾಯಿ ಮುಚ್ಚೋಲ್ಲ...!”

ತಾಯಿಯ ತುಟಿ ಅಲುಗಿತು. ದನಿ ಮಾತ್ರ ಬರಲಿಲ್ಲ. ಇನ್ನೊಮ್ಮೆ ಅಲುಗಿತು. ಬೀದಿಯಲ್ಲಿ ಡೋಲು ಕರೆಯುತ್ತಲೇ ಇತ್ತು. ಆಗ ಮೊರೆನಿಕೆ ಎದ್ದು ಕಿಟಕಿಯ ಸರಳು ಹಿಡಿದು, ಗಲ್ಲಿಗೆ ಗಲ್ಲಿಯೇ ಕೇಳುವಂತೆ ಕೂಗಿದಳು.

“ತಮ್ಮಾ... ಕೇಳಿಸ್ತೇನೋ? ಬರ್ತಾ ಇದ್ದಾಳೆ ಕಣೋ, ನಿನ್ನ ಅಯೊಕಾ! ನಡೆಯೋಕಾಗಲ್ಲ ಅವಳಿಗೆ... ನೀನೇ ಎರಡು ಹೆಜ್ಜೆ ಮುಂದೆ ಬಂದು ಕರ್ಕೊಂಡು ಹೋಗೋ...!”

ಆ ಮಾತಿನ ಅರ್ಥ ದೆಲೆಗೆ ತಿಳಿಯಿತು, ಅಮ್ಮ ಅಪ್ಪನ ಬಳಿಗೆ ಹೊರಟಿದ್ದಳು. ಕಣ್ಣೀರಿನಲ್ಲಿ ಬೀದಿ ಕಾಣದಾಯಿತು. ಹೆಸರನ್ನು ಅರ್ಧಕ್ಕೆ ಬಿಡಬಾರದೆಂದು ಅತ್ತೆ ಹೇಳಿಕೊಟ್ಟಿದ್ದಳು. ಅವನು ಕೊನೆಯ ಪೆಟ್ಟಿನವರೆಗೂ ನುಡಿಸಿ, ಡೋಲನ್ನು ಕಂಕುಳಿನಿಂದ ಇಳಿಸಿ, ಒಳಗೆ ಹೋದ.